ಓಮಾ ಕಟ್ಟಿಕೊಂಡು ಹೋದ ಪೆಟ್ಟಿಗೆ

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಎರಡು ದಶಕಗಳಲ್ಲಿ ಹಾಲೆಂಡಿನಿಂದ ಸುಮಾರು ಐದು ಲಕ್ಷ ಜನ ಕಡಲು ದಾಟಿ ಹೊರಟರು. ಹೆಚ್ಚಿನವರು ಇಳಿದದ್ದು ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ. ಉಳಿದವರು ಅಮೆರಿಕ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಗೆ ಹಂಚಿಹೋದರು. ಸರ್ಕಾರಿ ಕಾಗದಗಳು ಇವರನ್ನು ಗಂಡಸಿನ ಕಸುಬಿನ ಪ್ರಕಾರ ವಿಂಗಡಿಸಿದವು: ಹೈನುಗಾರ, ತೋಟಗಾರ, ಬಡಗಿ, ಕಮ್ಮಾರ. ಹೆಂಡತಿ ಮಕ್ಕಳು ಅವನ ಹೆಸರಿನ ಕೆಳಗೆ ಬಂದು ನಿಂತರು. ಆದರೆ ಹೊಸ ನೆಲದಲ್ಲಿ ಹಾಲೆಂಡು ಎಷ್ಟು ಕಾಲ ಉಳಿಯಬೇಕು, ಮನೆಯ ಯಾವ ಮೂಲೆಯಲ್ಲಿ ಉಳಿಯಬೇಕು ಎಂಬುದನ್ನು ತೀರ್ಮಾನಿಸಿದವಳು ಆ ಹೆಂಡತಿಯೇ. ಮಕ್ಕಳಿಗೆ ಆಕೆ ಮೂಡರ್, ಮೊಮ್ಮಕ್ಕಳಿಗೆ ಓಮಾ. ಆಕೆ ತನ್ನ ಕೈಯಾರೆ ತುಂಬಿ, ಮೊಳೆ ಹೊಡೆಸಿ, ಹಡಗಿಗೆ ಏರಿಸಿದ ಮರದ ದೊಡ್ಡ ಪೆಟ್ಟಿಗೆಗೆ ಕಿಸ್ಟ್ ಎಂದು ಹೆಸರು. ಒಂದು ಪೀಳಿಗೆಯ ಹೆಂಗಸರ ಚರಿತ್ರೆಯನ್ನು ಈ ಪೆಟ್ಟಿಗೆಯಿಂದಲೇ ತೆಗೆದು ನೋಡಬಹುದು.

ಈ ಓಮಾಂದಿರಲ್ಲಿ ಬಹಳ ಮಂದಿ 1910ರಿಂದ 1930ರೊಳಗೆ ಹುಟ್ಟಿದವರು. ರೈತರ ಮನೆಯ ಹುಡುಗಿಗೆ ಪ್ರಾಥಮಿಕ ಶಾಲೆ ಮುಗಿದರೆ ಓದು ಮುಗಿದಂತೆ. ಸ್ವಲ್ಪ ಅನುಕೂಲ ಇದ್ದವರು ಮಗಳನ್ನು ಮನೆವಾರ್ತೆ ಕಲಿಸುವ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿ ಅಡುಗೆ, ಹೊಲಿಗೆ, ಇಸ್ತ್ರಿ, ತೂತುಬಿದ್ದ ಕಾಲುಚೀಲಕ್ಕೆ ರಫು ಹಾಕುವುದು, ಖರ್ಚಿನ ಪುಸ್ತಕ ಬರೆಯುವುದು. ಅನುಕೂಲ ಇಲ್ಲದವರ ಮಗಳು ಊರಿನ ಉಳ್ಳವರ ಮನೆಗೆ ಕೆಲಸಕ್ಕೆ ಹೋಗಿ ಅದೇ ವಿದ್ಯೆಯನ್ನು ಬೈಸಿಕೊಂಡು ಕಲಿಯುತ್ತಿದ್ದಳು.

1940ರ ಮೇ 10ರಂದು ಜರ್ಮನಿ ದಾಳಿ ಮಾಡಿತು, ನಾಲ್ಕೇ ದಿನಕ್ಕೆ ರಾಟರ್‌ಡ್ಯಾಮಿನ ನಡುಭಾಗ ಬಾಂಬಿಗೆ ಸುಟ್ಟುಹೋಯಿತು. ಮುಂದಿನ ಐದು ವರ್ಷಗಳಲ್ಲಿ ಈ ಹೆಂಗಸರನ್ನು ಎಲ್ಲಕ್ಕಿಂತ ಆಳವಾಗಿ ತಿದ್ದಿದ್ದು ಕೊನೆಯ ಚಳಿಗಾಲ. 1944ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಡಚ್ ಸರ್ಕಾರ ರೈಲ್ವೆ ಮುಷ್ಕರಕ್ಕೆ ಕರೆ ಕೊಟ್ಟಿತು. ಅದಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಸಾಗಿಸುವುದನ್ನು ತಡೆದರು. ತಡೆ ಸಡಿಲವಾಗುವ ಹೊತ್ತಿಗೆ ಕಾಲುವೆಗಳು ಹೆಪ್ಪುಗಟ್ಟಿದ್ದವು. ನವೆಂಬರ್ ಕೊನೆಗೆ ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು, 1945ರ ಆರಂಭದಲ್ಲಿ 600ರ ಆಸುಪಾಸಿಗೆ ಬಂತು. ಜನ ಸಕ್ಕರೆ ಬೀಟ್ ತುರಿದು ಬೇಯಿಸಿ ತಿಂದರು. ಅದೂ ಮುಗಿದಾಗ ಟುಲಿಪ್ ಗೆಡ್ಡೆಯ ನಡುವಿನ ಮೊಳಕೆ ಕಿತ್ತೆಸೆದು ಉಳಿದದ್ದನ್ನು ಹಿಟ್ಟು ಮಾಡಿದರು. ಟೈರಿಲ್ಲದ ಸೈಕಲ್ ಹತ್ತಿ ಹಳ್ಳಿಗಳ ಕಡೆ ಹೋಗಿ ಹಾಸಿಗೆ ಬಟ್ಟೆಗೆ, ಮದುವೆಯ ಉಂಗುರಕ್ಕೆ ಆಲೂಗಡ್ಡೆ ಕೊಂಡುತಂದವರಲ್ಲಿ ಹೆಂಗಸರು ಬಹಳ. ಗಂಡಸರು ಬೀದಿಗೆ ಬಂದರೆ ಜರ್ಮನರು ಹಿಡಿದು ಕೂಲಿಗೆ ಒಯ್ಯುತ್ತಿದ್ದರು. ಆ ಚಳಿಗಾಲದಲ್ಲಿ ಸತ್ತವರು ಸುಮಾರು 20,000. ಏಪ್ರಿಲ್ 29ರಿಂದ ಮಿತ್ರರಾಷ್ಟ್ರಗಳ ಬಾಂಬರ್ ವಿಮಾನಗಳು ಆಹಾರದ ಮೂಟೆಗಳನ್ನು ಉದುರಿಸಿದವು, ಮೇ 5ಕ್ಕೆ ಬಿಡುಗಡೆ ಆಯಿತು.

ಮುಂದೆ ಒಂಟಾರಿಯೋದ ಅಥವಾ ವಿಕ್ಟೋರಿಯಾದ ತುಂಬಿದ ಅಡುಗೆಮನೆಯಲ್ಲಿ ಕೂತ ಮೊಮ್ಮಕ್ಕಳು ಓಮಾ ಜಿಪುಣಿ ಎಂದು ನಕ್ಕಾಗಲೆಲ್ಲ ಅದರ ಹಿಂದೆ ಈ ಏಳೆಂಟು ತಿಂಗಳು ಇರುತ್ತಿದ್ದವು. ಬ್ರೆಡ್ಡಿನ ಒಣ ತುದಿ ಎಸೆಯುವ ಹಾಗಿಲ್ಲ. ಪ್ಲಾಸ್ಟಿಕ್ ಚೀಲ ತೊಳೆದು ದಾರಕ್ಕೆ ನೇತುಹಾಕಬೇಕು. ಡಚ್ ಅಡುಗೆಮನೆಯಲ್ಲಿ ಉದ್ದ ಹಿಡಿಕೆಗೆ ಅರ್ಧಚಂದ್ರದಂಥ ರಬ್ಬರು ತುಂಡು ಸಿಕ್ಕಿಸಿದ ಒಂದು ಸಾಧನ ಉಂಟು. ಹಾಲಿನ ಕಸ್ಟರ್ಡ್ ಗಾಜಿನ ಬಾಟಲಿಯಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಬಾಟಲಿಯ ಒಳಗೋಡೆಗೆ ಅಂಟಿದ ಕೊನೆಯ ಚಮಚದಷ್ಟನ್ನು ಕೆರೆದು ತೆಗೆಯಲು ಹುಟ್ಟಿದ್ದು ಅದು. ಒಂದು ಜನಾಂಗದ ಸ್ವಭಾವ ತಿಳಿಯಲು ಅದರ ಮಹಾಕಾವ್ಯ ಓದಬೇಕು ಎನ್ನುತ್ತಾರೆ. ಡಚ್ಚರ ಮಟ್ಟಿಗೆ ಈ ಕೆರೆಗೋಲು ಸಾಕು.

ಯುದ್ಧ ಮುಗಿದ ಕೂಡಲೇ ಹೊರಟ ಮೊದಲ ಗುಂಪು ಸೈನಿಕರ ಹೆಂಡತಿಯರದು. ಹಾಲೆಂಡಿನ ಬಹುಭಾಗವನ್ನು ಬಿಡಿಸಿದ್ದು ಕೆನಡಾದ ಸೇನೆ. ಆ ಹುಡುಗರು ಊರಿಗೆ ಮರಳುವ ಹಡಗು ಸಿಗದೆ 1945ರ ಬೇಸಿಗೆ ಪೂರ್ತಿ ಅಲ್ಲೇ ಉಳಿದರು. ಕೈಯಲ್ಲಿ ಸಿಗರೇಟು, ಚಾಕೊಲೇಟು ಇದ್ದವು, ಸಂಜೆಗೆ ನೃತ್ಯಕೂಟಗಳಿದ್ದವು. ಎರಡು ಸಾವಿರದ ಹತ್ತಿರ ಡಚ್ ಹುಡುಗಿಯರು ಕೆನಡಾದ ಸೈನಿಕರನ್ನು ಮದುವೆಯಾಗಿ ಅಟ್ಲಾಂಟಿಕ್ ದಾಟಿದರು. ಕೆಲವರಿಗೆ ಗಂಡನ ಭಾಷೆ ಅರ್ಧ ಬರುತ್ತಿತ್ತು. ಅವನು ಹೇಳಿದ ‘ಫಾರ್ಮ್’ ಎಂಬುದು ಸಸ್ಕಾಚವಾನಿನ ಬಯಲಿನಲ್ಲಿ ಒಂಟಿಯಾಗಿ ನಿಂತ ಹಲಗೆಮನೆ ಎಂದು ರೈಲು ಇಳಿದ ಮೇಲೆ ತಿಳಿಯಿತು. ಎರಡು ದೇಶಗಳ ನಂಟಿಗೆ ರಾಜಮನೆತನದ ಕಡೆಯಿಂದಲೂ ಒಂದು ಹೆರಿಗೆಯ ಸಾಕ್ಷಿ ಇದೆ. ಯುದ್ಧಕಾಲದಲ್ಲಿ ಒಟ್ಟಾವಾದಲ್ಲಿ ಆಶ್ರಯ ಪಡೆದಿದ್ದ ರಾಜಕುಮಾರಿ ಯೂಲಿಯಾನಾ 1943ರ ಜನವರಿ 19ರಂದು ಅಲ್ಲಿನ ಆಸ್ಪತ್ರೆಯಲ್ಲಿ ಮಗಳು ಮಾರ್ಗ್ರೀಟಳನ್ನು ಹೆತ್ತಳು. ಕೃತಜ್ಞತೆಗೆಂದು 1945ರಲ್ಲಿ ಒಂದು ಲಕ್ಷ ಟುಲಿಪ್ ಗೆಡ್ಡೆಗಳನ್ನು ಒಟ್ಟಾವಾಕ್ಕೆ ಕಳಿಸಿದಳು. ಹಿಂದಿನ ಚಳಿಗಾಲದಲ್ಲಿ ಅವೇ ಗೆಡ್ಡೆಗಳನ್ನು ಬೇಯಿಸಿ ತಿಂದಿದ್ದ ಹೆಂಗಸರಿಗೆ ಇದನ್ನು ಕೇಳಿ ಏನನಿಸಿತೋ, ಪತ್ರಿಕೆಗಳು ಅವರನ್ನು ಕೇಳಲು ಹೋಗಲಿಲ್ಲ.

ದೊಡ್ಡ ವಲಸೆ ಆಮೇಲಿನದು. ಯುದ್ಧದಲ್ಲಿ ಮನೆಗಳು ನೆಲಸಮವಾಗಿದ್ದವು, ಹೊಸವು ಏಳುತ್ತಿರಲಿಲ್ಲ. ಮದುವೆಯಾದ ಜೋಡಿ ವರ್ಷಗಟ್ಟಲೆ ಅತ್ತೆಮನೆಯ ಅಟ್ಟದಲ್ಲೋ ಮುಂದಿನ ಕೋಣೆಯಲ್ಲೋ ಇರಬೇಕಿತ್ತು. ರೈತರ ಮನೆಗಳಲ್ಲಿ ಗಂಡುಮಕ್ಕಳು ಹೆಚ್ಚು, ಹೊಲ ಒಂದೇ. 1948ರ ಒಂದು ಜನಾಭಿಪ್ರಾಯ ಸಂಗ್ರಹದಲ್ಲಿ ಮೂವರಲ್ಲಿ ಒಬ್ಬರು ದೇಶ ಬಿಡಲು ಸಿದ್ಧ ಎಂದರು. 1950ರ ಹೊಸವರ್ಷದ ಭಾಷಣದಲ್ಲಿ ಪ್ರಧಾನಿ ವಿಲ್ಲೆಮ್ ಡ್ರೇಸ್ ಅವರೇ, ಜನರಲ್ಲಿ ಒಂದು ಪಾಲು ಹಿಂದಿನ ಶತಮಾನಗಳವರಂತೆ ಧೈರ್ಯ ಮಾಡಿ ದೊಡ್ಡ ನಾಡುಗಳಲ್ಲಿ ಬದುಕು ಹುಡುಕಬೇಕು ಎಂಬರ್ಥದ ಮಾತಾಡಿದರು. ಹೋಗುವವರಿಗೆ ಸರ್ಕಾರ ಹಡಗಿನ ಖರ್ಚಿನಲ್ಲಿ ಪಾಲು ಕೊಟ್ಟಿತು. ಕೆನಡಾದೊಂದಿಗೆ 1947ರಲ್ಲಿ ರೈತ ಕುಟುಂಬಗಳ ಯೋಜನೆ ಆಯಿತು, ನ್ಯೂಜಿಲೆಂಡ್ ಜೊತೆ 1950ರಲ್ಲಿ, ಆಸ್ಟ್ರೇಲಿಯಾ ಜೊತೆ 1951ರಲ್ಲಿ ಒಪ್ಪಂದಗಳಾದವು. 1952ರಲ್ಲಿ ಹೊರಟವರ ಸಂಖ್ಯೆ ಶಿಖರ ಮುಟ್ಟಿತು.

ಹೋಗುವ ತೀರ್ಮಾನ ಯಾರದು ಎಂಬ ಪ್ರಶ್ನೆಗೆ ಆ ಕಾಲದ ಕಾನೂನೇ ಉತ್ತರ ಕೊಡುತ್ತದೆ. ಹಾಲೆಂಡಿನಲ್ಲಿ ಮದುವೆಯಾದ ಹೆಂಗಸು ಕಾನೂನಿನ ಕಣ್ಣಿಗೆ ಅಪ್ರಾಪ್ತಳ ಸಮಾನ. ಗಂಡನ ಒಪ್ಪಿಗೆ ಇಲ್ಲದೆ ಕರಾರಿಗೆ ಸಹಿ ಹಾಕುವಂತಿರಲಿಲ್ಲ, ಸ್ವಂತವಾಗಿ ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ. ಸರ್ಕಾರಿ ನೌಕರಿಯಲ್ಲಿದ್ದವಳು ಮದುವೆಯಾದರೆ ಕೆಲಸ ಹೋಗುತ್ತಿತ್ತು. ಕಾರ್ರಿ ಟೆಂಡಲೋ ಎಂಬ ಸಂಸದೆ 1955ರಲ್ಲಿ ಸಂಸತ್ತಿನಲ್ಲಿ ಗೊತ್ತುವಳಿ ಮಂಡಿಸಿ ಈ ಎರಡನೆಯದನ್ನು ಅಲುಗಾಡಿಸಿದರು. ಮೊದಲನೆಯದನ್ನು ತೆಗೆದ ಕಾನೂನು 1956ರಲ್ಲಿ ಅಂಗೀಕಾರವಾಗಿ 1957ರ ಜನವರಿ 1ರಿಂದ ಜಾರಿಗೆ ಬಂತು. ಅಷ್ಟರಲ್ಲಿ ವಲಸೆಯ ಶಿಖರ ವರ್ಷಗಳು ದಾಟಿಹೋಗಿದ್ದವು. ಹಾಗಾಗಿ ಗಂಡ ಭೂಪಟ ಹರಡಿ ಕೂತಾಗ ಆಕೆಯ ಮುಂದೆ ಉಳಿದದ್ದು ಒಂದೇ ಇಲಾಖೆ: ಏನು ಒಯ್ಯಬೇಕು, ಏನು ಬಿಡಬೇಕು.

ಆ ಇಲಾಖೆ ಸಣ್ಣದಾಗಿರಲಿಲ್ಲ. ಯುದ್ಧಾನಂತರ ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಹೊರಗೆ ಒಯ್ಯುವ ಹಣಕ್ಕೆ ಬಿಗಿ ಮಿತಿ ಹಾಕಿತ್ತು. ಹೊಲ, ಹಸು, ಅಂಗಡಿ ಮಾರಿದ ದುಡ್ಡು ಗಿಲ್ಡರುಗಳಲ್ಲಿ ಕೈಸೇರಿದರೂ ಡಾಲರಾಗಿ ಗಡಿ ದಾಟುವಂತಿರಲಿಲ್ಲ. ಆದರೆ ಸಾಮಾನಿಗೆ ತಡೆ ಇರಲಿಲ್ಲ. ಆದ್ದರಿಂದ ಆ ದುಡ್ಡೆಲ್ಲ ಉಣ್ಣೆ ಕಂಬಳಿ, ಹಾಸಿಗೆ ಹೊದಿಕೆ, ಮಕ್ಕಳಿಗೆ ಮುಂದಿನ ಮೂರು ಅಳತೆಯ ಚಪ್ಪಲಿ, ಹೊಲಿಗೆ ಯಂತ್ರ, ಒಲೆ, ಸೈಕಲ್ಲು, ಮರದ ಮೆಟ್ಟು, ಊಟದ ಮೇಜು, ಗಡಿಯಾರಗಳ ರೂಪ ತಾಳಿತು. ಬಡಗಿ ಮನೆಗೆ ಬಂದು ಅಳತೆ ಹಿಡಿದು ಪೆಟ್ಟಿಗೆ ಮಾಡುತ್ತಿದ್ದ. ಕೆಲವು ಒಂದು ಸಣ್ಣ ಕೋಣೆಯಷ್ಟು ದೊಡ್ಡವು. ಪೆಟ್ಟಿಗೆಯ ಪಟ್ಟಿ ಬರೆಯುವುದು, ಪಿಂಗಾಣಿಯನ್ನು ಟವೆಲಿನಲ್ಲಿ ಸುತ್ತಿ ಬೀರುವಿನ ಖಾನೆಗೆ ತುರುಕುವುದು, ಪಾತ್ರೆಯೊಳಗೆ ಪಾತ್ರೆ, ಅದರೊಳಗೆ ಕಾಲುಚೀಲ ಇಡುವುದು ಆಕೆಯ ಕೆಲಸ. ಜಾಗ ಖಾಲಿ ಹೋಗಬಾರದು. ವಿನಿಮಯ ನಿಯಂತ್ರಣ ಎಂಬ ಒಣ ಅರ್ಥಶಾಸ್ತ್ರದಿಂದಾಗಿಯೇ ಕೆನಡಾದ ಹಳ್ಳಿಯ ಮನೆಯೊಳಗೆ ಇಡೀ ಹಾಲೆಂಡು ಬಂದು ಕೂತಿತು. ಈ ಜನ ಲೆಕ್ಕಾಚಾರಸ್ಥರು. ಮಿತಿ ಇಲ್ಲದಿದ್ದರೆ ದುಡ್ಡು ಒಯ್ದು ಅಲ್ಲೇ ಅಗ್ಗದ ಮೇಜು ಕೊಳ್ಳುತ್ತಿದ್ದರು, ಓಮಾಳ ನಡುಮನೆ ಅಕ್ಕಪಕ್ಕದವರ ನಡುಮನೆಯಂತೆಯೇ ಇರುತ್ತಿತ್ತು.

ಮೊದಲ ವಲಸೆ ಹಡಗು ‘ವಾಟರ್‌ಮನ್’ 1947ರ ಜೂನಿನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಮಾಂಟ್ರಿಯಲ್ಲಿನಲ್ಲಿ ಇಳಿಸಿತು. ಅದೂ ಅದರ ಜೊತೆಯ ‘ಗ್ರೋಟೆ ಬೇರ್’, ‘ಝೌಡರ್‌ಕ್ರೌಸ್’ ಹಡಗುಗಳೂ ಯುದ್ಧಕಾಲದಲ್ಲಿ ಅಮೆರಿಕದಲ್ಲಿ ಕಟ್ಟಿದವು, ಆಮೇಲೆ ಡಚ್ ಸರ್ಕಾರ ಕೊಂಡವು. ಮೊದಮೊದಲು ಮಲಗುವುದಕ್ಕೆ ಸೈನಿಕರ ಹಾಗೆ ಸಾಲು ಮಂಚಗಳಿದ್ದ ದೊಡ್ಡ ಅಂಕಣಗಳು. ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ಅಂದರೆ ವಾಂತಿ ಮಾಡುವ ಐದಾರು ಮಕ್ಕಳು ಪೂರ್ತಿ ತಾಯಿಯ ಪಾಲಿಗೆ ಬಂದವು. ಗಂಡ ಮೇಲಿನ ಅಟ್ಟದಲ್ಲಿ ನಿಂತು ಹೊಸ ಬದುಕಿನ ಬಗ್ಗೆ ಮಾತಾಡಿದ. ಆಮೇಲೆ ಬಂದವರಲ್ಲಿ ಬಹಳ ಮಂದಿ ಇಳಿದದ್ದು ಹ್ಯಾಲಿಫ್ಯಾಕ್ಸಿನ ‘ಪಿಯರ್ 21’ ಎಂಬ ಕಟ್ಟಡದಲ್ಲಿ. 1928ರಿಂದ 1971ರವರೆಗೆ ಕೆನಡಾದ ಹೆಬ್ಬಾಗಿಲಾಗಿದ್ದ ಅದು ಈಗ ವಲಸೆಯ ರಾಷ್ಟ್ರೀಯ ಸಂಗ್ರಹಾಲಯ. ಅಲ್ಲಿಂದ ಗಟ್ಟಿ ಮರದ ಬೆಂಚುಗಳ ರೈಲಿನಲ್ಲಿ ದಿನಗಟ್ಟಲೆ ಪ್ರಯಾಣ. ದಾರಿಯಲ್ಲಿ ಕೊಂಡ ಕೆನಡಾದ ಬ್ರೆಡ್ಡು ಹಿಂಡಿದರೆ ಮುಷ್ಟಿಯೊಳಗೆ ಅಡಗುವಷ್ಟು ಮೆತ್ತಗೆ. ಈ ದೇಶದ ಬಗ್ಗೆ ಡಚ್ ಹೆಂಗಸರು ಎತ್ತಿದ ಮೊದಲ ತಕರಾರು ಅದರ ಮೇಲೆಯೇ. ಮೊದಲ ವಾರದಲ್ಲೇ ಮನೆಯಲ್ಲಿ ಬ್ರೆಡ್ಡು ಸುಡಲು ಶುರುಮಾಡಿದವರು ಉಂಟು.

ನಿಯಮದ ಪ್ರಕಾರ ಬಂದ ಕುಟುಂಬಕ್ಕೆ ಒಬ್ಬ ಕೆನಡಾದ ರೈತ ಪ್ರಾಯೋಜಕನಾಗಿ ಕೆಲಸವನ್ನೂ ಮನೆಯನ್ನೂ ಕೊಡಬೇಕಿತ್ತು; ಒಂದು ವರ್ಷ ಅವನಲ್ಲಿ ದುಡಿಯಬೇಕಿತ್ತು. ಕೂಲಿ ತಿಂಗಳಿಗೆ 75 ಡಾಲರಿನ ಆಸುಪಾಸು. ಮನೆ ಎಂದರೆ ಕೆಲವೊಮ್ಮೆ ಒಳ್ಳೆಯ ಮನೆಯೇ. ಕೆಲವೊಮ್ಮೆ ಕೋಳಿ ಗೂಡನ್ನು ಗುಡಿಸಿ ಸುಣ್ಣ ಬಳಿದದ್ದು. ನೀರು ಹೊರಗಿನ ಪಂಪಿನಲ್ಲಿ, ಕಕ್ಕಸು ಹಿತ್ತಿಲ ಆಚೆ, ಚಳಿ ಮೈನಸ್ ಮೂವತ್ತಕ್ಕೆ ಇಳಿಯುವಂಥದ್ದು. ನಗರದಲ್ಲಿ ನಲ್ಲಿ ನೀರು, ಗ್ಯಾಸ್ ಒಲೆ ಬಳಸಿದ್ದ ಹೆಂಗಸಿಗೆ ವಲಸೆ ಎಂದರೆ ಐವತ್ತು ವರ್ಷ ಹಿಂದಕ್ಕೆ ಹೋದ ಹಾಗೆ. ಪೆಟ್ಟಿಗೆ ವಾರಗಳ ಮೇಲೆ ಬಂದು ತಲುಪಿದಾಗ ಒಳಗಿನ ಡಚ್ ಬೀರು ಬಾಗಿಲಲ್ಲಿ ತೂರುತ್ತಿರಲಿಲ್ಲ, ವಿದ್ಯುತ್ ಇಸ್ತ್ರಿಪೆಟ್ಟಿಗೆ ಕೆನಡಾದ 110 ವೋಲ್ಟಿಗೆ ಸಾಕಷ್ಟು ಬಿಸಿಯಾಗುತ್ತಿರಲಿಲ್ಲ. ಖಾಲಿಯಾದ ಪೆಟ್ಟಿಗೆಯನ್ನು ಮಾತ್ರ ಯಾರೂ ಒಡೆದು ಉರಿಗೆ ಹಾಕಲಿಲ್ಲ. ಅದು ಕೋಳಿಗೂಡಾಯಿತು, ಸೌದೆ ಕೊಟ್ಟಿಗೆಯಾಯಿತು, ಮನೆ ಸಣ್ಣದಾದಲ್ಲಿ ದೊಡ್ಡ ಹುಡುಗರ ಮಲಗುವ ಕೋಣೆಯೂ ಆಯಿತು.

ಆಲ್ಬರ್ಟಾದ ಲೆತ್‌ಬ್ರಿಜ್ ಸುತ್ತ, ಒಂಟಾರಿಯೋದ ನೈಋತ್ಯದಲ್ಲಿ ಅನೇಕ ಡಚ್ ಕುಟುಂಬಗಳಿಗೆ ಸಿಕ್ಕ ಕೆಲಸ ಸಕ್ಕರೆ ಬೀಟ್ ಹೊಲದ್ದು. ಗುತ್ತಿಗೆ ಎಕರೆ ಲೆಕ್ಕದ್ದಾದ್ದರಿಂದ ಮನೆಮಂದಿಯೆಲ್ಲ ಇಳಿದರೆ ಲಾಭ. ತಾಯಿ ಸಾಲಿನ ಕೊನೆಯಲ್ಲಿ ತೊಟ್ಟಿಲು ಇಟ್ಟು ಗಿಡ ಕೀಳುತ್ತಾ ಸಾಗುತ್ತಿದ್ದಳು. ಹೊಟ್ಟೆಗೆ ಬೇರೇನೂ ಇಲ್ಲದ ಚಳಿಗಾಲದಲ್ಲಿ ತಿಂದ ಅದೇ ಬೀಟಿನ ವಾಸನೆ ಮತ್ತೆ ಮೂಗಿಗೆ ಬಂತು. ಈ ಕೂಲಿ ಗಂಡನ ಹೆಸರಿನಲ್ಲಿ ಪಾವತಿಯಾಗುತ್ತಿತ್ತು, ಆಕೆಯ ದಿನಗಳು ಯಾವ ಲೆಕ್ಕಕ್ಕೂ ಸೇರಲಿಲ್ಲ. ಟೊರಾಂಟೊದ ಉತ್ತರಕ್ಕಿರುವ ಹಾಲೆಂಡ್ ಮಾರ್ಷ್ ಕಡೆ ಹೋದವರದು ಸ್ವಲ್ಪ ಬೇರೆ ಕಥೆ. ಅಲ್ಲಿ 1934ರಲ್ಲೇ ಡಚ್ ಕುಟುಂಬಗಳು ಜವುಗು ಬಸಿದ ಕಪ್ಪು ಮಣ್ಣಿನಲ್ಲಿ ಆನ್ಸ್‌ನೋರ್‌ವೆಲ್ಟ್ ಎಂಬ ಹಳ್ಳಿ ಕಟ್ಟಿ ಈರುಳ್ಳಿ, ಗಜ್ಜರಿ ಬೆಳೆಯುತ್ತಿದ್ದವು. ಹೊಸಬರಿಗೆ ಮಾತಾಡಲು ಅಕ್ಕಪಕ್ಕದಲ್ಲಿ ಜನ ಇದ್ದರು.

ಆಸ್ಟ್ರೇಲಿಯಾಕ್ಕೆ ಹೋದವರ ಮೊದಲ ತಂಗುದಾಣ ಸೇನೆಯ ಹಳೆಯ ಶಿಬಿರಗಳು. ವಿಕ್ಟೋರಿಯಾದ ಬಾನಗಿಲ್ಲಾ ಅವುಗಳಲ್ಲಿ ದೊಡ್ಡದು. ಅಲ್ಲಿನ ದೂರು ಬ್ರೆಡ್ಡಿನದಾಗಿರಲಿಲ್ಲ, ದಿನಾ ಬಡಿಸುತ್ತಿದ್ದ ಕುರಿ ಮಾಂಸದ ವಾಸನೆಯದು. ಸ್ವಂತ ಒಲೆ ಹೊತ್ತಿಸುವಂತಿಲ್ಲದ ಆ ತಿಂಗಳುಗಳು ಹೆಂಗಸರಿಗೆ ಹಡಗಿಗಿಂತ ಕಷ್ಟವಾದವು. ಗಂಡು ಮೊದಲೇ ಹೋಗಿ ನೆಲೆಯೂರಿ ಆಮೇಲೆ ಹೆಣ್ಣನ್ನು ಕರೆಸಿಕೊಳ್ಳುವ ಪದ್ಧತಿಯೂ ಇತ್ತು. ವರ ಅಲ್ಲಿ, ವಧು ಇಲ್ಲಿ. ಪುರಸಭೆಯಲ್ಲಿ ವರನ ಪರವಾಗಿ ಇನ್ನೊಬ್ಬ ನಿಂತು ಮದುವೆ ಮುಗಿಸಬಹುದಿತ್ತು. 1953ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ನಡೆದ ವಿಮಾನ ಸ್ಪರ್ಧೆಯಲ್ಲಿ ಡಚ್ ವಿಮಾನ ಕಂಪನಿ ಕೆಎಲ್ಎಂನ ವಿಮಾನದಲ್ಲಿ ವರನನ್ನು ಸೇರಲು ಹೊರಟ ಯುವತಿಯರೂ ಇದ್ದರು. ವಿಮಾನ ಸುಮಾರು ಐವತ್ತು ಗಂಟೆಗಳಲ್ಲಿ ತಲುಪಿ ತನ್ನ ವಿಭಾಗದಲ್ಲಿ ಗೆದ್ದಿತು. 2008ರಲ್ಲಿ ಈ ಪ್ರಯಾಣದ ಸುತ್ತ ಹೆಣೆದ ‘ಬ್ರೈಡ್ ಫ್ಲೈಟ್’ ಎಂಬ ಡಚ್ ಚಲನಚಿತ್ರ ಬಂತು. ಚಿತ್ರದಲ್ಲಿ ಪ್ರೇಮವೇ ಮುಂದೆ ನಿಂತಿದೆ, ಪೆಟ್ಟಿಗೆಗಳು ಹಿನ್ನೆಲೆಗೆ ಸರಿದಿವೆ.

ಎಲ್ಲ ಡಚ್ ತಾಯಂದಿರೂ ಹಾಲೆಂಡಿನಲ್ಲಿ ಹುಟ್ಟಿದವರಲ್ಲ. ಡಚ್ ವಸಾಹತಾಗಿದ್ದ ಇಂಡೋನೇಷ್ಯಾ ಸ್ವತಂತ್ರವಾದ ಮೇಲೆ ಅಲ್ಲಿದ್ದ ಡಚ್ಚರು, ಡಚ್–ಇಂಡೋನೇಷ್ಯ ಮಿಶ್ರ ಮನೆತನದವರು ಸುಮಾರು ಮೂರು ಲಕ್ಷ ಮಂದಿ ಹಾಲೆಂಡಿಗೆ ಬಂದರು. ಮೈಬಣ್ಣದ ಕಾರಣಕ್ಕೆ ಅಲ್ಲಿ ಒಗ್ಗದವರಲ್ಲಿ ಹಲವರು 1950ರ ದಶಕದ ಕೊನೆಯಿಂದ ಕ್ಯಾಲಿಫೋರ್ನಿಯಾದ ದಾರಿ ಹಿಡಿದರು. ಯೂಜೀನಿಯಾ ವಾನ್ ಹೇಲನ್ ಅಂಥವರು. ಜಾವಾದಲ್ಲಿ ಹುಟ್ಟಿದ ಈಕೆ ಡಚ್ ಸಂಗೀತಗಾರನನ್ನು ಮದುವೆಯಾಗಿ ಹಾಲೆಂಡಿಗೆ ಬಂದು, 1962ರಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ಪ್ಯಾಸಡೀನಾ ಸೇರಿದರು. ಮನೆಯ ಸಾಮಾನಿನಲ್ಲಿ ಹೇಳಿಕೊಳ್ಳುವಂಥದ್ದು ಒಂದು ಪಿಯಾನೊ. ಗಂಡ ಕಸ ಗುಡಿಸುವ ಕೆಲಸ ಹಿಡಿದರು, ಯೂಜೀನಿಯಾ ಇನ್ನೊಬ್ಬರ ಮನೆಗೆಲಸಕ್ಕೆ ಹೋದರು, ಮಕ್ಕಳನ್ನು ಮಾತ್ರ ಪಿಯಾನೊ ಪಾಠಕ್ಕೆ ಕೂರಿಸಿದರು. ಆ ಮಕ್ಕಳು, ಅಲೆಕ್ಸ್ ಮತ್ತು ಎಡ್ಡಿ, ಮುಂದೆ ತಮ್ಮ ಮನೆತನದ ಹೆಸರನ್ನೇ ಇಟ್ಟು ಕಟ್ಟಿದ ರಾಕ್ ತಂಡ ಜಗತ್ತಿನ ಬಾಯಲ್ಲಿ ‘ವ್ಯಾನ್ ಹೇಲನ್’ ಆಯಿತು. ಎಡ್ಡಿಯ ನಡುವಿನ ಹೆಸರು ಲೋಡ್‌ವೇಕ್, ಬೀಥೋವನ್ ನೆನಪಿಗೆ ಇಟ್ಟದ್ದು. ಗಿಟಾರಿನಲ್ಲಿ ಅವನು ಎಬ್ಬಿಸಿದ ಸದ್ದಿಗೂ ಆ ಪಿಯಾನೊಗೂ ನಂಟಿದೆ ಎನ್ನಲು ಸಂಗೀತಶಾಸ್ತ್ರ ಬೇಕಿಲ್ಲ.

ಕೆನಡಾಕ್ಕೆ ಬಂದವರ ಸಂಗತಿಯಲ್ಲಿ ಚರ್ಚಿನ ಪಾತ್ರ ದೊಡ್ಡದು. ಹಾಲೆಂಡಿನಲ್ಲಿ ಕ್ಯಾಥೊಲಿಕರಿಗೆ, ಕಟ್ಟಾ ಕ್ಯಾಲ್ವಿನ್‌ಪಂಥಿಗಳಿಗೆ, ಸಮಾಜವಾದಿಗಳಿಗೆ ಶಾಲೆ, ಪತ್ರಿಕೆ, ರೇಡಿಯೊ, ಫುಟ್‌ಬಾಲ್ ಸಂಘ ಎಲ್ಲವೂ ಬೇರೆ ಬೇರೆ ಇದ್ದವು. ವಲಸೆ ಕಚೇರಿಗಳೂ ಬೇರೆ. ಕಟ್ಟಾ ಕ್ಯಾಲ್ವಿನ್‌ಪಂಥಿಗಳು ಹಾಲೆಂಡಿನ ಜನರಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟಿದ್ದರೂ ಕೆನಡಾಕ್ಕೆ ಬಂದವರಲ್ಲಿ ಅವರ ಪಾಲು ಅದರ ಎಷ್ಟೋ ಪಟ್ಟು. ಅವರು ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚುಗಳನ್ನೂ ತಮ್ಮದೇ ಶಾಲೆಗಳನ್ನೂ ಕಟ್ಟಿಕೊಂಡು ಒಗ್ಗಟ್ಟಾಗಿ ಉಳಿದರು. ಕ್ಯಾಥೊಲಿಕರು ಇದ್ದ ಪ್ಯಾರಿಷ್‌ಗಳಲ್ಲಿ ಬೆರೆತುಹೋದರು. ಆದ್ದರಿಂದ ಓಮಾ ಯಾವ ಚರ್ಚಿನವಳು ಎಂಬುದರ ಮೇಲೆ ಮೊಮ್ಮಗಳ ಮದುವೆ ಯಾರ ಜೊತೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದಿತ್ತು. ಚರ್ಚಿನ ಹೆಂಗಸರ ಸಂಘ ಆಕೆಗೆ ವಾರದಲ್ಲಿ ಒಮ್ಮೆ ತನ್ನ ಭಾಷೆಯಲ್ಲಿ ಜೋರಾಗಿ ಮಾತಾಡಲು ಸಿಗುತ್ತಿದ್ದ ಜಾಗವೂ ಹೌದು. ಗಂಡನಿಗೆ ಇಂಗ್ಲಿಷ್ ಕೆಲಸದಲ್ಲಿ ಬಂತು, ಮಕ್ಕಳಿಗೆ ಶಾಲೆಯಲ್ಲಿ. ಮನೆಯೊಳಗಿದ್ದ ಆಕೆ ಅದನ್ನು ಈಟನ್ಸ್ ಕಂಪನಿಯ ಚಿತ್ರ ತುಂಬಿದ ಕ್ಯಾಟಲಾಗಿನಿಂದ ಕಲಿತಳು. ಮೊದಲು ಬಂದ ಶಬ್ದಗಳೂ ಅದಕ್ಕೆ ತಕ್ಕಂತೆ ಬೂಟು, ಬಕೆಟ್ಟು, ಬೆಲೆ, ರಿಯಾಯಿತಿ.

ಅಡುಗೆಯಲ್ಲಿ ಆಕೆ ಹೆಚ್ಚು ರಾಜಿ ಮಾಡಿಕೊಳ್ಳಲಿಲ್ಲ. ಕೇಲ್ ಸೊಪ್ಪು, ಆಲೂಗಡ್ಡೆ ಬೇಯಿಸಿ ಕಿವುಚಿ ಮೇಲೆ ಹೊಗೆಯಾಡಿಸಿದ ಸಾಸೇಜ್ ಇಡುವ ಸ್ಟಾಂಪೊಟ್. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾದ ಬಟಾಣಿ ಸಾರು. ವರ್ಷದ ಕೊನೆಯ ರಾತ್ರಿ ಒಣದ್ರಾಕ್ಷಿ ಹಾಕಿ ಎಣ್ಣೆಯಲ್ಲಿ ಕರಿದ ಓಲಿಬೋಲನ್ ಉಂಡೆ. ಮನೆಯಲ್ಲಿ ಮಗು ಹುಟ್ಟಿದರೆ ಗರಿಗರಿ ರಸ್ಕಿಗೆ ಬೆಣ್ಣೆ ಸವರಿ ಸಕ್ಕರೆ ಲೇಪದ ಸೋಂಪಿನ ಕಾಳು ಉದುರಿಸಿ ಬಂದವರಿಗೆ ಕೊಡಬೇಕು. ಸೋಂಪು ಬಾಣಂತಿಗೆ ಹಾಲು ಹೆಚ್ಚಿಸುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಕನ್ನಡ ನಾಡಿನ ಬಾಣಂತಿ ಕೋಣೆಗೂ ಇದು ಹೊಸ ಮಾತಲ್ಲ. ಡಿಸೆಂಬರ್ 5ರ ಸಂಜೆ ಸಂತ ನಿಕೊಲಾಸನ ಹಬ್ಬಕ್ಕೆ ಸ್ಪೆಕ್ಯುಲಾಸ್ ಬಿಸ್ಕತ್ತು ಆಗಲೇಬೇಕು. ಅದಕ್ಕೆ ಬೀಳುವುದು ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಏಲಕ್ಕಿ, ಬಿಳಿ ಮೆಣಸು. ಉತ್ತರ ಸಮುದ್ರದ ತಣ್ಣನೆಯ ದೇಶದಲ್ಲಿ ಇವುಗಳಲ್ಲಿ ಒಂದೂ ಬೆಳೆಯುವುದಿಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿ ಮಲಬಾರಿನಿಂದ, ಸಿಂಹಳದಿಂದ, ಮೊಲುಕ್ಕಾ ದ್ವೀಪಗಳಿಂದ ಹೊತ್ತೊಯ್ದು ಅಲ್ಲಿನ ಅಡುಗೆಮನೆಗೆ ಕಲಿಸಿದ ರುಚಿ ಅದು. ಕುಂದಾಪುರದ ಬಳಿಯ ಬಸರೂರಿನಲ್ಲೂ ಹದಿನೇಳನೆಯ ಶತಮಾನದಲ್ಲಿ ಆ ಕಂಪನಿಯ ಕೋಠಿ ಇತ್ತು. ಮುನ್ನೂರು ವರ್ಷದ ಮೇಲೆ ಆಲ್ಬರ್ಟಾದ ಹಿಮದಲ್ಲಿ ಓಮಾ ಕುಟ್ಟಿದ ಮಸಾಲೆಯಲ್ಲಿ ಆ ವ್ಯಾಪಾರದ, ಅದರ ಹಿಂಸೆಯ ಪಾಲೂ ಇತ್ತು. ಓಮಾಳಿಗೆ ಅದು ಅಮ್ಮ ಹೇಳಿಕೊಟ್ಟ ಬಿಸ್ಕತ್ತು ಮಾತ್ರ.

ಕಾಫಿಯ ವಿಷಯ ಬೇರೆಯೇ ಹೇಳಬೇಕು. ಬೆಳಿಗ್ಗೆ ಹತ್ತೂವರೆಗೆ, ಸಂಜೆ ಊಟದ ಮೇಲೆ ಕಾಫಿ. ಜೊತೆಗೆ ಡಬ್ಬಿ ತೆರೆದು ಒಂದು ಬಿಸ್ಕತ್ತು. ಎಲ್ಲರೂ ತೆಗೆದುಕೊಂಡ ಮೇಲೆ ಮುಚ್ಚಳ ಹಾಕಲಾಗುತ್ತದೆ. ಈ ಮುಚ್ಚಳದ ಬಗ್ಗೆ ಡಚ್ಚರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ. ಹುಟ್ಟುಹಬ್ಬದ ದಿನ ನಡುಮನೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಇಡುತ್ತಾರೆ, ಬಂದವರು ಹುಟ್ಟುಹಬ್ಬದವನಿಗಷ್ಟೇ ಅಲ್ಲದೆ ಅವನ ಅಪ್ಪ, ಅಮ್ಮ, ತಂಗಿ, ಅಜ್ಜಿ ಎಲ್ಲರ ಕೈ ಕುಲುಕಿ ಅಭಿನಂದಿಸುತ್ತಾರೆ. ಯಾರ ಹುಟ್ಟುಹಬ್ಬವೂ ಮರೆತುಹೋಗಬಾರದು ಎಂದು ಅವುಗಳ ಕ್ಯಾಲೆಂಡರನ್ನು ಕಕ್ಕಸಿನ ಗೋಡೆಗೆ ತೂಗುಹಾಕುವುದು ಪದ್ಧತಿ. ದಿನವೂ ಬಿಡುವಾಗಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಇಲ್ಲ. ಕೆನಡಾದ ಸೊಸೆಯಂದಿರು ಮೊದಲ ಬಾರಿ ಮುಜುಗರಪಟ್ಟು ಕೊನೆಗೆ ತಮ್ಮ ಮನೆಯಲ್ಲೂ ಅದನ್ನೇ ಮಾಡಿಕೊಂಡರು.

ಹಾಲೆಂಡಿನ ಅಕ್ಕತಂಗಿಯರೊಂದಿಗೆ ಸಂಬಂಧ ಉಳಿದದ್ದು ನೀಲಿ ತೆಳು ಹಾಳೆಯ ವಿಮಾನ ಪತ್ರದಿಂದ. ಮಡಿಸಿ ಅಂಟಿಸಿದರೆ ಅದೇ ಲಕೋಟೆ, ಒಳಗೆ ಇನ್ನೊಂದು ಚೀಟಿ ಇಟ್ಟರೆ ದಂಡ. ಹಾಗಾಗಿ ಅಂಚು ಬಿಡದೆ, ಕೊನೆಗೆ ಅಂಚಿನಲ್ಲಿ ಅಡ್ಡಡ್ಡ ಬರೆಯಬೇಕಿತ್ತು. ಬರೆದವಳು ಹೆಂಡತಿ, ಗಂಡ ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ ದೊಡ್ಡದು. ತೌರಿನವರು ಗಾಬರಿಯಾಗದಿರಲಿ ಎಂದು ಕೋಳಿಗೂಡಿನ ಮನೆಯ ಸುದ್ದಿ ಬಿಟ್ಟು ಕೊಂಡ ಹಳೆಯ ಕಾರಿನ ಫೋಟೊ ಕಳಿಸಿದವರು ಬಹಳ. ಇದನ್ನು ನೋಡಿ ಊರಿನಲ್ಲಿ ಇನ್ನೂ ನಾಲ್ಕು ಕುಟುಂಬ ಹೊರಟವು. ಅಲ್ಲಿ ಅಮ್ಮ ತೀರಿಕೊಂಡರೆ ಸುದ್ದಿ ಬರುವುದರೊಳಗೆ ಮಣ್ಣು ಮುಗಿದಿರುತ್ತಿತ್ತು. 1960ರ ದಶಕದಲ್ಲಿ ಗುಂಪು ಬಾಡಿಗೆ ವಿಮಾನಗಳು ಶುರುವಾದ ಮೇಲೆ ಹಲವರು ಮೊದಲ ಬಾರಿ ಊರಿಗೆ ಹೋಗಿಬಂದರು. ಅವರು ಬಿಟ್ಟುಬಂದ ಬಡ ಹಾಲೆಂಡು ಅಷ್ಟರಲ್ಲಿ ಶ್ರೀಮಂತವಾಗಿತ್ತು. ಬಿಡದೆ ಉಳಿದ ತಂಗಿಯ ಮನೆಯಲ್ಲಿ ತನ್ನ ಮನೆಗಿಂತ ಚೆಂದದ ಸ್ನಾನದ ಕೋಣೆ ಇತ್ತು. ಆ ಪ್ರವಾಸದಿಂದ ಮರಳಿದವರು ಕೆನಡಾವನ್ನು ಇನ್ನಷ್ಟು ಗಟ್ಟಿಯಾಗಿ ಹೊಗಳಿದರು.

ಸಮುದಾಯವಾಗಿ ಡಚ್ಚರು ಬಲುಬೇಗ ಕರಗಿದರು. ಆಸ್ಟ್ರೇಲಿಯಾದಲ್ಲಿ ಮನೆಭಾಷೆ ಬಿಟ್ಟು ಇಂಗ್ಲಿಷಿಗೆ ತಿರುಗುವುದರಲ್ಲಿ ಅವರು ಮುಂಚೂಣಿಯಲ್ಲಿದ್ದರು ಎಂದು ಭಾಷಾವಿಜ್ಞಾನಿ ಮೈಕೆಲ್ ಕ್ಲೈನ್ ಅವರ ಅಧ್ಯಯನಗಳು ತೋರಿಸಿದವು. ಹೆಂಡ್ರಿಕ್ ಹೆನ್ರಿಯಾದ, ಪೀಟರ್ ಪೀಟ್ ಆದ, ಮೊಮ್ಮಕ್ಕಳಿಗೆ ಉಳಿದದ್ದು ಓಮಾ, ಓಪಾ (ಅಜ್ಜ) ಮತ್ತು ತಿಂಡಿಗಳ ಹೆಸರು. ಕ್ಲೈನ್, ಕೇಸ್ ಡೆ ಬಾಟ್ ಜೊತೆಗೂಡಿ ಅದೇ ವಲಸಿಗರನ್ನು ಹದಿನಾರು ವರ್ಷದ ಅಂತರದಲ್ಲಿ ಮತ್ತೆ ಪರೀಕ್ಷಿಸಿದಾಗ, ಮೊದಲ ವರ್ಷಗಳಲ್ಲಿ ಡಚ್ ಉಳಿಸಿಕೊಂಡವರಲ್ಲಿ ಆಮೇಲೆ ಅದು ಹೆಚ್ಚೇನೂ ಸವೆದಿರಲಿಲ್ಲ. ಇಳಿವಯಸ್ಸಿನಲ್ಲಿ, ಅದರಲ್ಲೂ ಮರೆವಿನ ಕಾಯಿಲೆ ಬಂದವರಲ್ಲಿ, ಆಮೇಲೆ ಕಲಿತ ಇಂಗ್ಲಿಷ್ ಮೊದಲು ಜಾರುವುದುಂಟು. ಆಗ ಓಮಾ ಕೇಳಿದ್ದು ಮಗಳಿಗೆ ಅರ್ಧ, ಮೊಮ್ಮಗನಿಗೆ ಏನೂ ತಿಳಿಯದು. ಒಂಟಾರಿಯೋದಲ್ಲಿ, ಮೆಲ್ಬರ್ನಿನಲ್ಲಿ ಡಚ್ಚರೇ ಕಟ್ಟಿದ ವೃದ್ಧಾಶ್ರಮಗಳಿಗೆ ಡಚ್ ಬಲ್ಲ ದಾದಿಯರು ಬೇಕಾದದ್ದು ಇದಕ್ಕೆ.

ಪೌರತ್ವದ ಲೆಕ್ಕದಲ್ಲೂ ಆಕೆಯ ಹೆಸರು ಬಹುಕಾಲ ಗಂಡನ ಹೆಸರಿನ ಕೆಳಗೇ ಇತ್ತು. 1964ಕ್ಕೆ ಮೊದಲು ವಿದೇಶಿಯನ್ನು ಮದುವೆಯಾಗಿ ಅವನ ಪೌರತ್ವ ಪಡೆದ ಡಚ್ ಹೆಂಗಸು ತನ್ನದನ್ನು ಕಳೆದುಕೊಳ್ಳುತ್ತಿದ್ದಳು. ಕೆನಡಾದ ಸೈನಿಕರ ಕೈಹಿಡಿದವರಿಗೆ ಆದದ್ದು ಇದೇ. ಮಗುವಿಗೆ ಡಚ್ ಪೌರತ್ವ ತಂದೆಯಿಂದ ಬರಬೇಕಿತ್ತು. ತಾಯಿಯಿಂದಲೂ ಬರಬಹುದು ಎಂದು ಕಾನೂನು ಬದಲಾದದ್ದು 1985ರ ಜನವರಿ 1ರಿಂದ. ಅದಕ್ಕೂ ಮೊದಲು ಡಚ್ ತಾಯಿಗೂ ವಿದೇಶಿ ತಂದೆಗೂ ಹುಟ್ಟಿದವರಿಗೆ 2010ರ ಅಕ್ಟೋಬರ್ 1ರಿಂದ ಅರ್ಜಿ ಹಾಕಿ ಪೌರತ್ವ ಪಡೆಯುವ ದಾರಿ ತೆರೆಯಿತು. ಹೆರಿಗೆಯ ದಿನ ತಾಯಿ ಡಚ್ ಪ್ರಜೆಯಾಗಿಯೇ ಇದ್ದಿರಬೇಕು ಎಂಬ ಷರತ್ತಿರುವುದರಿಂದ, ಮದುವೆಯಲ್ಲೇ ಪೌರತ್ವ ಕಳೆದುಕೊಂಡ ಸೈನಿಕರ ಹೆಂಡತಿಯರ ಮಕ್ಕಳಿಗೆ ಈ ಬಾಗಿಲು ತೆರೆಯಲಿಲ್ಲ. ಉಳಿದವರು ತಾಯಿಯ ಜನನ ಪತ್ರ, ಮದುವೆ ಪತ್ರ, ಆಕೆಯ ಆಗಿನ ಪೌರತ್ವದ ದಾಖಲೆ ಹೊಂದಿಸಿ ರಾಯಭಾರ ಕಚೇರಿಗೆ ಕೊಡಬೇಕು, ಅರ್ಜಿ ಒಪ್ಪಿಗೆಯಾದರೆ ಸಮಾರಂಭದಲ್ಲಿ ನಿಂತು ಹಾಲೆಂಡಿನ ಕಾನೂನುಗಳಿಗೆ ಬದ್ಧತೆಯ ಘೋಷಣೆ ಮಾಡಬೇಕು. ಹೀಗೆ ಅರ್ಜಿ ಹಾಕಲು ಬಂದವರಲ್ಲಿ ತಾವೇ ಅಜ್ಜಿ ತಾತಂದಿರಾದವರೂ ಇದ್ದರು.